ಉಕ್ಕಿನ ವಹಿವಾಟು ಮತ್ತು ಅಧಿಕಾರ: ನವಾಜ್ ಷರೀಫ್ ರಾಜಕೀಯ ಜೀವನದ ಒಂದು ಓದು

ಪಾಕಿಸ್ತಾನದ ಮಾಜಿ ಪ್ರಧಾನಿ ನವಾಜ್ ಷರೀಫ್ ಅವರನ್ನು ಸೇನಾಡಳಿತಗಾರ ಜನರಲ್ ಜಿಯಾ ಉಲ್ ಹಕ್ ಬೆಳೆಸಿದ ಕೂಸು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವ ರೂಢಿ ಇದೆ. ಮಾತು ಸುಳ್ಳಲ್ಲ, ಆದರೆ ಅರ್ಧ. ಜಿಯಾ ಬರುವ ಮುಂಚೆಯೇ ಈ ಮನೆತನವನ್ನು ರಾಜಕಾರಣದತ್ತ ತಳ್ಳಿದ್ದು ಜುಲ್ಫಿಕರ್ ಅಲಿ ಭುಟ್ಟೊ ಅವರ ಒಂದು ಆದೇಶ.

ಅಮೃತಸರ ಸೀಮೆಯ ಜಾತಿ ಉಮ್ರಾ ಹಳ್ಳಿಯಿಂದ ಲಾಹೋರಿಗೆ ಬಂದ ನವಾಜ್ ತಂದೆ ಮುಹಮ್ಮದ್ ಷರೀಫ್, ಸಹೋದರರ ಜೊತೆಗೂಡಿ ಕಟ್ಟಿದ್ದು ಇತ್ತೆಫಾಕ್ ಫೌಂಡ್ರಿ. ಭುಟ್ಟೊ ಅಧಿಕಾರ ಹಿಡಿದು ಎರಡು ವಾರ ತುಂಬುವ ಮೊದಲೇ, 1972ರ ಜನವರಿಯಲ್ಲಿ, ಹತ್ತು ಬಗೆಯ ಮೂಲ ಕೈಗಾರಿಕೆಗಳನ್ನು ಸರ್ಕಾರ ವಶಪಡಿಸಿಕೊಂಡಿತು. ಇತ್ತೆಫಾಕ್ ಕೂಡ ಕೈತಪ್ಪಿತು. ಕುಟುಂಬ ಹೊಸ ಕಾರ್ಖಾನೆಗಳಿಗೆ ಕೈಹಾಕಿತು, ದುಬೈಯಲ್ಲಿ ಗಲ್ಫ್ ಸ್ಟೀಲ್ ಎಂಬ ಉಕ್ಕಿನ ಗಿರಣಿಯನ್ನೂ ಹೂಡಿತು. ಈ ದುಬೈ ಗಿರಣಿಯನ್ನು ಓದುಗರು ನೆನಪಿನಲ್ಲಿಡಬೇಕು.

ಜಿಯಾ ಆಡಳಿತ ಫೌಂಡ್ರಿಯನ್ನು ಮರಳಿಸಿತು. ಪಂಜಾಬಿನ ಗವರ್ನರ್ ಗುಲಾಂ ಜಿಲಾನಿ ಖಾನ್ 1980ರ ದಶಕದ ಆರಂಭದಲ್ಲಿ ಹಿರಿಯ ಮಗ ನವಾಜ್‌ಗೆ ಪ್ರಾಂತದ ಹಣಕಾಸು ಖಾತೆ ಕೊಟ್ಟರು. 1985ರಲ್ಲಿ ಅವರು ಮುಖ್ಯಮಂತ್ರಿ. ಕಳೆದುಕೊಂಡದ್ದನ್ನು ಸರ್ಕಾರವೇ ಹಿಂದಿರುಗಿಸಬಲ್ಲದು ಎಂಬ ಪಾಠ ಈ ಮನೆಗೆ ಆಗಲೇ ಮನದಟ್ಟಾಗಿತ್ತು.

ಜುಲ್ಫಿಕರ್ ಅವರ ಮಗಳು ಬೆನಜೀರ್ ಭುಟ್ಟೊ ಪ್ರಧಾನಿಯಾದ ಮೇಲೆ ಹಳೆಯ ಹಗೆ ಮತ್ತೆ ಹೊತ್ತಿಕೊಂಡಿತು. 1989ರ 'ಜೊನಾಥನ್' ಹಡಗಿನ ಪ್ರಕರಣ ಇದಕ್ಕೆ ಒಳ್ಳೆಯ ಸಾಕ್ಷಿ. ಇತ್ತೆಫಾಕ್‌ಗಾಗಿ ಗುಜರಿ ಕಬ್ಬಿಣ ಹೊತ್ತು ಬಂದ ಹಡಗು ಕರಾಚಿಯಲ್ಲಿ ನಿಂತಿತು. ಸರಕನ್ನು ಲಾಹೋರಿಗೆ ಸಾಗಿಸಲು ಕೇಂದ್ರದ ಹಿಡಿತದಲ್ಲಿದ್ದ ರೈಲ್ವೆ ವ್ಯಾಗನ್ ಕೊಡುತ್ತಿಲ್ಲ ಎಂದು ಕುಟುಂಬ ದೂರಿತು. ಪಕ್ಷಗಳ ಜಗಳ ವಿಧಾನಸಭೆಯಿಂದ ಬಂದರಿನ ಕಟ್ಟೆಗೆ ಇಳಿದದ್ದು ಹೀಗೆ.

1990ರ ನವೆಂಬರಿನಲ್ಲಿ ಪ್ರಧಾನಿಯಾದ ಷರೀಫ್ ಮರುವರ್ಷವೇ ಖಾಸಗೀಕರಣ ಆಯೋಗ ರಚಿಸಿದರು. ಮುಸ್ಲಿಂ ಕಮರ್ಷಿಯಲ್ ಬ್ಯಾಂಕ್ ಖಾಸಗಿ ಕೈಗೆ ಹೋಯಿತು. ಇದನ್ನು ಬರೀ ಆರ್ಥಿಕ ಸುಧಾರಣೆ ಎಂದು ಓದುವವರಿದ್ದಾರೆ. 1972ಕ್ಕೆ ಕೊಟ್ಟ ಉತ್ತರವೂ ಅದರಲ್ಲಿ ಇತ್ತೆಂಬುದು ನನ್ನ ವಾದ. 1993ರ ವಜಾ, 1997ರ ಭಾರಿ ಬಹುಮತ, 1998ರ ಅಣು ಪರೀಕ್ಷೆ, 1999ರ ಅಕ್ಟೋಬರ್ 12ರ ಸೇನಾಕ್ರಾಂತಿ, ಇವೆಲ್ಲ ಸಾಕಷ್ಟು ಚರ್ಚೆಯಾಗಿವೆ, ಇಲ್ಲಿ ಬೆಳೆಸುವುದಿಲ್ಲ. ಗಮನಿಸಬೇಕಾದದ್ದು ಬೇರೆ: ಗಡೀಪಾರಾಗಿ ಸೌದಿ ಸೇರಿದ ಕುಟುಂಬ ಜಿದ್ದಾದಲ್ಲಿ ಮತ್ತೆ ಹೂಡಿದ್ದು ಉಕ್ಕಿನ ಗಿರಣಿಯನ್ನೇ, ಅಲ್ ಅಜೀಜಿಯಾ.

2013ರಲ್ಲಿ ಮೂರನೇ ಬಾರಿ ಪ್ರಧಾನಿಯಾದವರನ್ನು ಕೆಡವಿದ್ದು ಹಳೆಯ ಲೆಕ್ಕಪತ್ರ. 2016ರ ಪನಾಮಾ ದಾಖಲೆಗಳಿಂದ ಲಂಡನ್ನಿನ ಪಾರ್ಕ್ ಲೇನ್ ಫ್ಲ್ಯಾಟುಗಳ ವಿಚಾರ ಎದ್ದಾಗ, ದುಡ್ಡಿನ ಮೂಲವಾಗಿ ಕುಟುಂಬ ತೋರಿಸಿದ್ದು ಆ ದುಬೈ ಗಿರಣಿಯ ಮಾರಾಟದ ಹಣವನ್ನು. ಬೆಂಬಲಕ್ಕೆ ಕತಾರಿನ ರಾಜಕುಮಾರರೊಬ್ಬರ ಪತ್ರ. 2006ರ ತಾರೀಖಿನ ಒಂದು ಟ್ರಸ್ಟ್ ಪತ್ರ ಕ್ಯಾಲಿಬ್ರಿ ಅಕ್ಷರಶೈಲಿಯಲ್ಲಿತ್ತು. ಆ ಅಕ್ಷರಶೈಲಿ ಜನಬಳಕೆಗೆ ಬಂದದ್ದು 2007ರಲ್ಲಿ ಎಂದು ಸುಪ್ರೀಂ ಕೋರ್ಟು ನೇಮಿಸಿದ ತನಿಖಾ ತಂಡ ಬೊಟ್ಟು ಮಾಡಿತು. ವಿಚಿತ್ರವೆಂದರೆ, 2017ರ ಜುಲೈ 28ರಂದು ಸುಪ್ರೀಂ ಕೋರ್ಟು ಅವರನ್ನು ಅನರ್ಹಗೊಳಿಸಿದ್ದು ಫ್ಲ್ಯಾಟುಗಳ ಕಾರಣಕ್ಕಲ್ಲ. ಮಗನ ದುಬೈ ಕಂಪನಿಯಿಂದ ಬರಬೇಕಿದ್ದ, ಆದರೆ ಪಡೆಯದೆ ಬಿಟ್ಟ ಸಂಬಳವನ್ನು ನಾಮಪತ್ರದಲ್ಲಿ ತೋರಿಸಿರಲಿಲ್ಲ ಎಂಬ ಕಾರಣಕ್ಕೆ. ಪ್ರಧಾನಿಯೊಬ್ಬರನ್ನು ಇಳಿಸಲು ಇದು ತೀರ ತೆಳುವಾದ ಆಧಾರ. ಹಾಗೆಂದು ಹಣದ ಮೂಲದ ಬಗ್ಗೆ ಕುಟುಂಬ ಕೊಟ್ಟ ವಿವರಣೆ ನಂಬಲರ್ಹವಾಗಿತ್ತು ಎನ್ನಲಾಗದು.

2018ರಲ್ಲಿ ಫ್ಲ್ಯಾಟುಗಳ ಪ್ರಕರಣದಲ್ಲಿ ಹತ್ತು ವರ್ಷ, ಅಜೀಜಿಯಾ ಪ್ರಕರಣದಲ್ಲಿ ಏಳು ವರ್ಷ ಶಿಕ್ಷೆಯಾಯಿತು. 2023ರ ಕೊನೆಯಲ್ಲಿ ಇಸ್ಲಾಮಾಬಾದ್ ಹೈಕೋರ್ಟು ಎರಡರಲ್ಲೂ ಖುಲಾಸೆ ಮಾಡಿತು. 2024ರ ಚುನಾವಣೆಯ ನಂತರ ಪ್ರಧಾನಿ ಕುರ್ಚಿಯಲ್ಲಿ ಕೂತದ್ದು ತಮ್ಮ ಶಹಬಾಜ್; ಪಂಜಾಬಿನ ಮುಖ್ಯಮಂತ್ರಿಯಾದದ್ದು ಮಗಳು ಮರಿಯಮ್.