ಮನೆ ಸಾಲ ತೀರಿಸಿದ ಟೊಮೆಟೊ

ಟೊಮೆಟೊ ತಳಿಗಳಿಗೆ ಸಾಮಾನ್ಯವಾಗಿ ಊರಿನ ಹೆಸರೋ ಬಣ್ಣದ ಹೆಸರೋ ಇರುತ್ತೆ. 'ಮಾರ್ಟ್‌ಗೇಜ್ ಲಿಫ್ಟರ್' ಮಾತ್ರ ಬ್ಯಾಂಕಿನ ಕಡತದಿಂದ ನೇರ ಎದ್ದು ಬಂದ ಹಾಗಿದೆ. ಅಡಮಾನ ಬಿಡಿಸೋದು ಅಂತ ಅರ್ಥ. ನಮ್ಮಲ್ಲಾಗಿದ್ರೆ 'ಋಣಮುಕ್ತ' ಅಂತ ಇಡ್ತಿದ್ರೇನೋ!

ಅಮೆರಿಕದ ಹಿತ್ತಲುಗಳಲ್ಲಿ ಇವತ್ತಿಗೂ ಬೆಳೆಯುವ ಬೀಫ್‌ಸ್ಟೇಕ್ ಟೊಮೆಟೊ ಇದು. ಹೈಬ್ರಿಡ್ ಅಲ್ಲ, ನಮ್ಮ ಮಾತಲ್ಲಿ ಹೇಳೋದಾದ್ರೆ ಜವಾರಿ. ಒಂದೊಂದು ಹಣ್ಣು ಅರ್ಧ ಕೆಜಿ ಮೀರುತ್ತೆ. ಕೊಯ್ದರೆ ಒಳಗೆ ಎರಡು ಮೂರು ದೊಡ್ಡ ಕೋಣೆಗಳ ಬದಲು ಹಲವಾರು ಪುಟ್ಟ ಕೋಣೆಗಳು, ತಿರುಳು ಜಾಸ್ತಿ, ಬೀಜ ಕಮ್ಮಿ. ಒಂದೇ ಬಿಲ್ಲೆ ಬ್ರೆಡ್ಡನ್ನು ಪೂರ್ತಿ ಮುಚ್ಚುತ್ತೆ. ಸಾರಿಗೆ ಹಾಕಿ ಕುದಿಸೋ ಹಣ್ಣಲ್ಲ, ಉಪ್ಪು ಉದುರಿಸಿ ಹಸಿಯಾಗಿ ತಿನ್ನೋದು.

ಇದನ್ನು ರೂಪಿಸಿದ ಎಂ.ಸಿ. ಬೈಲ್ಸ್ ಕೃಷಿ ವಿಜ್ಞಾನಿಯಲ್ಲ, ಮೆಕ್ಯಾನಿಕ್. ವೆಸ್ಟ್ ವರ್ಜೀನಿಯಾದ ಲೋಗನ್‌ನಲ್ಲಿ, ಒಂದು ಕಡಿದಾದ ಏರಿನ ಬುಡದಲ್ಲಿ ಅವರ ರಿಪೇರಿ ಅಂಗಡಿ. ಏರು ಹತ್ತಲಾಗದೆ ರೇಡಿಯೇಟರ್ ಕುದಿದು ನಿಂತ ಲಾರಿಗಳೇ ಗಿರಾಕಿಗಳು. ಹಾಗಾಗಿ ಜನ ಅವರನ್ನು 'ರೇಡಿಯೇಟರ್ ಚಾರ್ಲಿ' ಅಂತ ಕರೆದರು.

ಲೋಗನ್ ಕಲ್ಲಿದ್ದಲಿನ ಸೀಮೆ. ಅಲ್ಲಿನ ಗಣಿ ಊರುಗಳಲ್ಲಿ ಕಾರ್ಮಿಕ ಇರುತ್ತಿದ್ದ ಮನೆ ಕಂಪನಿಯದು. ಕೂಲಿ ಎಷ್ಟೋ ಸಲ ಕಂಪನಿಯ ಚೀಟಿಯಲ್ಲಿ. ಆ ಚೀಟಿ ನಡೆಯುತ್ತಿದ್ದುದು ಕಂಪನಿಯ ಅಂಗಡಿಯಲ್ಲಿ. 1921ರಲ್ಲಿ ಇದೇ ಕೌಂಟಿಯ ಬ್ಲೇರ್ ಬೆಟ್ಟದಲ್ಲಿ ಸಾವಿರಾರು ಗಣಿ ಕಾರ್ಮಿಕರು ಬಂದೂಕು ಹಿಡಿದು ನಿಂತಿದ್ದರು. ಅಂಥ ನೆಲದಲ್ಲಿ ಸ್ವಂತ ಸೂರು ಅನ್ನೋದು ಬರೀ ಆಸ್ತಿಯಲ್ಲ, ಯಾರ ಹಂಗೂ ಇಲ್ಲದೆ ಬದುಕೋ ದಾರಿ. ಆಮೇಲೆ ಆರ್ಥಿಕ ಮಹಾ ಕುಸಿತ ಬಂತು. 1933ರ ಹೊತ್ತಿಗೆ ದೇಶದಲ್ಲಿ ದಿನಕ್ಕೆ ಸುಮಾರು 1,000 ಮನೆಗಳು ಸಾಲಕ್ಕೆ ಜಪ್ತಿಯಾಗುತ್ತಿದ್ದವು. ಬೈಲ್ಸ್ ಮನೆ ಮೇಲೂ 6,000 ಡಾಲರ್ ಸಾಲ ಇತ್ತು.

ಅವರು ಮಾಡಿದ ಪ್ರಯೋಗ ನೋಡಿ, ಎಷ್ಟು ಸರಳ. ಹಿತ್ತಲಲ್ಲಿ ಹತ್ತು ಟೊಮೆಟೊ ಗಿಡಗಳನ್ನು ವೃತ್ತಾಕಾರವಾಗಿ ನೆಟ್ಟರು. ನಡುವೆ 'ಜರ್ಮನ್ ಜಾನ್ಸನ್' ಎಂಬ ತಳಿಯ ಒಂದು ಗಿಡ. ಮಕ್ಕಳ ಕಿವಿ ತೊಳೆಯುವ ರಬ್ಬರ್ ಪಿಚಕಾರಿಯಲ್ಲಿ ಸುತ್ತಲಿನ ಹೂಗಳ ಪರಾಗ ಎಳೆದು ನಡುಗಿಡದ ಹೂಗಳ ಮೇಲೆ ಊದಿದರು. ಬಂದ ಬೀಜ ಎತ್ತಿಟ್ಟು, ಮರುವರ್ಷ ಅದರಿಂದ ಎದ್ದ ಗಿಡಗಳಲ್ಲಿ ಚೆನ್ನಾಗಿದ್ದದ್ದು ನಡುವೆ, ಉಳಿದವು ಸುತ್ತ. ಹೀಗೇ ಆರು ವರ್ಷ! ಟೊಮೆಟೊ ಹೂವು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತೆ, ಹಾಗಾಗಿ ಬೆರಕೆ ಬೇಕೆಂದರೆ ಮನುಷ್ಯನ ಕೈ ಬೇಕು. ಆ ತಾಳ್ಮೆ ರೇಡಿಯೇಟರಿನ ತೂತು ಹುಡುಕುವವನಿಗೆ ಇರದೆ ಇನ್ಯಾರಿಗೆ ಇದ್ದೀತು?

1940ರ ದಶಕದಲ್ಲಿ ಬೈಲ್ಸ್ ಸಸಿ ಮಾರೋಕೆ ನಿಂತರು. ಒಂದಕ್ಕೆ ಒಂದು ಡಾಲರ್. ಇದೇನು ಚಿಲ್ಲರೆ ದುಡ್ಡಲ್ಲ: 1938ರಲ್ಲಿ ಅಮೆರಿಕ ನಿಗದಿ ಮಾಡಿದ ಕನಿಷ್ಠ ಕೂಲಿ ಗಂಟೆಗೆ 25 ಸೆಂಟ್. ಆ ಲೆಕ್ಕದಲ್ಲಿ ಒಂದು ಸಸಿಗೆ ನಾಲ್ಕು ಗಂಟೆ ದುಡಿಮೆ. ಆದರೂ 200 ಮೈಲಿ ದೂರದಿಂದ ಜನ ಬಂದು ಒಯ್ದರಂತೆ. ಆರು ವರ್ಷದಲ್ಲಿ ಸಾಲ ತೀರಿತು. ಖರ್ಚು ಬಿಟ್ಟು ಲೆಕ್ಕ ಹಾಕಿದರೂ ವರ್ಷಕ್ಕೆ ಸಾವಿರ ಸಸಿ.

ನನಗೆ ಹಣ್ಣಿನ ಗಾತ್ರಕ್ಕಿಂತ ಈ ವ್ಯಾಪಾರವೇ ಸೋಜಿಗ. ಜವಾರಿ ತಳಿ ಅಂದ ಮೇಲೆ ಒಂದು ಸಸಿ ಒಯ್ದವನು ಒಂದು ಹಣ್ಣಿನ ಬೀಜ ತೆಗೆದು, ಎರಡು ಮೂರು ದಿನ ನೀರಲ್ಲಿ ಹುಳಿಸಿ, ತೊಳೆದು ಒಣಗಿಸಿಟ್ಟರೆ ಮುಗೀತು. ಮುಂದಿನ ವರ್ಷ ಅವನಿಗೆ ಚಾರ್ಲಿ ಬೇಕಿಲ್ಲ. ಪ್ರತಿ ಗಿರಾಕಿಯ ಕೈಗೂ ಅಂಗಡಿಯ ಬೀಗದ ಕೈ ಕೊಟ್ಟಂತೆ. ಹಾಗೆ ಕೊಟ್ಟೂ ಸಾಲ ತೀರಿತಲ್ಲ!

ಇದೇ ರಾಜ್ಯದ ಬಾರ್ಬರ್ಸ್‌ವಿಲ್‌ನ ವಿಲಿಯಂ ಎಸ್ಟ್ಲರ್ ಕುಟುಂಬದವರು ಮಾತ್ರ, ಆ ಹೆಸರು ಮೊದಲು ಇಟ್ಟಿದ್ದು ನಾವು ಅಂತಾರೆ. ಎಸ್ಟ್ಲರ್ ಹೆಸರಿನ ಮಾರ್ಟ್‌ಗೇಜ್ ಲಿಫ್ಟರ್ ಬೇರೆಯೇ ಇದೆ. ಸಾಲದಲ್ಲಿ ಮುಳುಗಿದ ಕಾಲದಲ್ಲಿ ಇಂಥ ಹೆಸರು ಇಬ್ಬರಿಗೆ ಹೊಳೆದಿದ್ದರೆ ಆಶ್ಚರ್ಯವೇನಿಲ್ಲ.

ಬೈಲ್ಸ್ ಕತೆ ನಮಗೆ ತಲುಪಿದ್ದು ಬಹುಪಾಲು ಅವರ ಬಾಯಿಂದಲೇ. 1985ರಲ್ಲಿ ವರ್ಜೀನಿಯಾದ ಸದರ್ನ್ ಎಕ್ಸ್‌ಪೋಷರ್ ಸೀಡ್ ಎಕ್ಸ್‌ಚೇಂಜ್ ಎಂಬ ಬೀಜ ಸಂಸ್ಥೆಯ ಜೆಫ್ ಮೆಕ್‌ಕಾರ್ಮ್ಯಾಕ್ ಮುದುಕಪ್ಪನನ್ನು ಮಾತಾಡಿಸಿ ಧ್ವನಿಮುದ್ರಿಸಿಕೊಂಡರು. ಬೀಜವೂ ಆಗಲೇ ಆ ಸಂಸ್ಥೆಯ ಪಟ್ಟಿಗೆ ಸೇರಿತು, 'ರೇಡಿಯೇಟರ್ ಚಾರ್ಲೀಸ್' ಅನ್ನೋ ಅಡ್ಡಹೆಸರಿನ ಸಮೇತ.