‘ವ್ಯಾಸಲ್’ ಅಂದ್ರೆ ಆಳು, ‘ಸಾಮಂತ’ ಅಂದ್ರೆ ಯಾರು?

ದೊಡ್ಡ ಹೋಟೆಲಿಗೆ ಹೋದ್ರೆ ವ್ಯಾಲೆ ಪಾರ್ಕಿಂಗ್ ಇರುತ್ತಲ್ಲ, ಕೀ ಕೊಟ್ಟರೆ ಅವರೇ ಕಾರು ನಿಲ್ಲಿಸ್ತಾರೆ. ಆ ‘ವ್ಯಾಲೆ’ಗೂ ಇತಿಹಾಸ ಪುಸ್ತಕದ ‘ವ್ಯಾಸಲ್’ಗೂ ಬೇರು ಒಂದೇ. ಯುರೋಪಿನ ಹಳೆಯ ಕೆಲ್ಟಿಕ್ ಭಾಷೆಯಲ್ಲಿ ಹುಡುಗ, ಆಳು ಅನ್ನೋದಕ್ಕಿದ್ದ ಪದ ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಬರುವ ದಾರಿಯಲ್ಲೇ ಅದರ ದರ್ಜೆ ಏರಿತು: ಮನೆಯಾಳು ಹೋಗಿ, ಭೂಮಿ ಪಡೆದು ದೊರೆಯ ಪರವಾಗಿ ಯುದ್ಧಕ್ಕೆ ನಿಲ್ಲುವ ಸರದಾರ ಆದ. ನಿಷ್ಠೆಯ ಪ್ರಮಾಣ ಮಾಡುವಾಗ ಅವನು ತನ್ನ ಜೋಡಿಸಿದ ಕೈಗಳನ್ನು ದೊರೆಯ ಎರಡು ಕೈಗಳ ನಡುವೆ ಇಡಬೇಕಿತ್ತು.

ಕನ್ನಡದಲ್ಲಿ ನಾವು ಇದಕ್ಕೆ ‘ಸಾಮಂತ’ ಅಂತೀವಿ. ಆದ್ರೆ ಸಂಸ್ಕೃತದ ಈ ಪದ ಆಳಿನಿಂದ ಹುಟ್ಟಿದ್ದಲ್ಲ. ಅದರ ಮೂಲ ಅರ್ಥ ನೆರೆಯವನು. ಅರ್ಥಶಾಸ್ತ್ರದಲ್ಲಿ ಸಾಮಂತ ಅಂದ್ರೆ ಗಡಿಯಾಚೆಯ ಸ್ವತಂತ್ರ ರಾಜ. ಸೋತು ಕಪ್ಪ ಕೊಡುವ ರಾಜ ಅನ್ನೋ ಅರ್ಥ ಗಟ್ಟಿಯಾಗಿದ್ದು ಬಹಳ ಶತಮಾನಗಳ ನಂತರ. ಅಂದ್ರೆ ಒಂದು ಪದ ಮೆಟ್ಟಿಲು ಹತ್ತಿತು, ಇನ್ನೊಂದು ಇಳಿಯಿತು.

ಕಲಬುರಗಿಯವರಿಗೆ ಈ ವ್ಯತ್ಯಾಸ ಬರೀ ನಿಘಂಟಿನ ವಿಷಯ ಅಲ್ಲ. ನಗರದಿಂದ ಸುಮಾರು 40 ಕಿಮೀ ದೂರದ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಇನ್ನೊಂದು ದಿಕ್ಕಿಗೆ ಹೊರಟು ಕಮಲಾಪುರ (ಹೌದ್ರಿ, ಕೆಂಪು ಬಾಳೆಹಣ್ಣಿನ ಕಮಲಾಪುರವೇ), ಹುಮನಾಬಾದ್ ದಾಟಿದರೆ ಬಸವಕಲ್ಯಾಣ, ಆಗಿನ ಕಲ್ಯಾಣ. ಈ ಎರಡೂ ರಾಜಧಾನಿಗಳ ಕಥೆಯಲ್ಲಿ ಸಾಮಂತರೇ ಹೀರೋಗಳು, ವಿಲನ್‌ಗಳೂ ಅವರೇ.

8ನೇ ಶತಮಾನದಲ್ಲಿ ರಾಷ್ಟ್ರಕೂಟ ದಂತಿದುರ್ಗ ಬಾದಾಮಿ ಚಾಲುಕ್ಯರ ಸಾಮಂತ, ಒಡೆಯರನ್ನೇ ಉರುಳಿಸಿದ. 973ರಲ್ಲಿ ರಾಷ್ಟ್ರಕೂಟರ ಸಾಮಂತ ತೈಲಪ ಅದನ್ನೇ ತಿರುಗಿಸಿ ಮಾಡಿದ. ತನ್ನದು ಬಾದಾಮಿ ಚಾಲುಕ್ಯರದೇ ವಂಶ ಅನ್ನೋದು ಅವನ ಮನೆತನದ ವಾದ. ತೈಲಪನ ಕೈಯಲ್ಲಿದ್ದದ್ದು ಇಂದಿನ ವಿಜಯಪುರ ಜಿಲ್ಲೆಯ ತರ್ದವಾಡಿ ನಾಡು. ಮುಂದೆ ಅದೇ ನಾಡನ್ನು ಆಳಿದ ಕಳಚುರಿ ಬಿಜ್ಜಳ, ತೈಲಪನ ವಂಶದವರಿಂದಲೇ ಕಲ್ಯಾಣದ ಗದ್ದುಗೆ ಕಿತ್ತುಕೊಂಡ. ಬಸವಣ್ಣನವರ ಕಾಲದ ಬಿಜ್ಜಳ ಇವನೇ.

ಇವರನ್ನು ಆಳುಗಳು ಅನ್ನೋಕಾಗುತ್ತಾ? ಸ್ವಂತ ಸೈನ್ಯ, ಸ್ವಂತ ತೆರಿಗೆ, ಬಿರುದುಗಳ ಉದ್ದನೆಯ ಪಟ್ಟಿ. ಐದು ಬಗೆಯ ವಾದ್ಯಗಳ ಗೌರವ ಪಡೆದವನು ಅನ್ನೋ ‘ಸಮಧಿಗತ ಪಂಚಮಹಾಶಬ್ದ’ವೂ ಅದರಲ್ಲೊಂದು. ನನ್ನ ಮಟ್ಟಿಗೆ ಅವರು ಕಾಯುತ್ತಾ ಕೂತ ನೆರೆಯವರು.

ಆದ್ರೂ ಶಾಸನದಲ್ಲಿ ವಿನಯ ಬಿಡುವಂತಿಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಮೊದಲು ಚಕ್ರವರ್ತಿಯ ಹೊಗಳಿಕೆ, ಆಮೇಲೆ ‘ತತ್ಪಾದಪದ್ಮೋಪಜೀವಿ’, ಅಂದ್ರೆ ಆತನ ಪಾದಕಮಲವನ್ನು ಆಶ್ರಯಿಸಿ ಬದುಕುವವನು, ಅದರ ನಂತರ ಸಾಮಂತನ ಹೆಸರು. ಈ ಕಡೆಯ ಹಳ್ಳಿಗಳ ಗುಡಿಗಳಲ್ಲಿ ಇಂಥ ಕಲ್ಲುಗಳು ಇನ್ನೂ ನಿಂತಿವೆ. ಮೇಲಿನ ಆ ಚಕ್ರವರ್ತಿಯ ಹೆಸರು ಯಾವ ವರ್ಷದಿಂದ ಕಾಣೆಯಾಗುತ್ತೆ ಅಂತ ಸಂಶೋಧಕರು ಹುಡುಕೋದು ಅದಕ್ಕೇ.