ಅಣ್ಣನ ಪಟ್ಟ, ತಮ್ಮನ ವರ್ಷ

ನಮ್ಮ ಕಡೆ, ಅಂದರೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸುತ್ತಮುತ್ತ, ಹಳೇ ಗುಡಿಯ ಹತ್ತಿರ ಶಾಸನದ ಕಲ್ಲು ಕಂಡರೆ ಅದರಲ್ಲಿ 'ಚಾಳುಕ್ಯ ವಿಕ್ರಮ ವರ್ಷ' ಅಂತ ಇದೆಯಾ ಎಂದು ಮೊದಲು ನೋಡುತ್ತೇನೆ. ಇದ್ದರೆ ಪಕ್ಕದ ಸಂಖ್ಯೆಗೆ ೧೦೭೫ ಕೂಡಿಸಿ, ಹೆಚ್ಚುಕಡಿಮೆ ಇಸವಿ ಬಂತು. ನಮ್ಮ ಯುನಿಕ್ಸ್ ಗಡಿಯಾರ ೧೯೭೦ರಿಂದ ಎಣಿಸುತ್ತದಲ್ಲ, ಹಾಗೇ :-) ಆದರೆ ಈ ಎಣಿಕೆ ಶುರುವಾಗಿದ್ದು ಮನೆಜಗಳದಿಂದ.

೧೦೬೮ರಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಒಂದನೇ ಸೋಮೇಶ್ವರ, ವಾಸಿಯಾಗದ ಜ್ವರಕ್ಕೆ ಬೇಸತ್ತು, ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣಬಿಟ್ಟ. ಹಿರಿಮಗ ಇಮ್ಮಡಿ ಸೋಮೇಶ್ವರ ಪಟ್ಟಕ್ಕೆ ಬಂದ. ಕಾಕತಾಳೀಯ ನೋಡಿ, ಅದೇ ವರ್ಷ ಜಪಾನಿನಲ್ಲಿ ಗೊ-ರೇಜೇಯಿ ಚಕ್ರವರ್ತಿ ತೀರಿಕೊಂಡು ಮಲತಮ್ಮ ಗೊ-ಸಾಂಜೊ ಸಿಂಹಾಸನ ಏರಿದ. ಸುಮಾರು ೧೭೦ ವರ್ಷಗಳಲ್ಲಿ, ತಾಯಿ ಫುಜಿವಾರಾ ಮನೆತನದವಳಲ್ಲದ ಮೊದಲ ಚಕ್ರವರ್ತಿ ಅವನು. ಮರುವರ್ಷ ಅಲ್ಲೂ ವರ್ಷದೆಣಿಕೆಗೆ ಹೊಸ ಹೆಸರು: ಎಂಕ್ಯು.

ನಮ್ಮಲ್ಲಿ ತಮ್ಮ ವಿಕ್ರಮಾದಿತ್ಯ ಸುಮ್ಮನೆ ಕೂರುವವನಲ್ಲ. ತಂದೆಯ ಕಾಲದಲ್ಲೇ ಗಂಗವಾಡಿ, ಬನವಾಸಿ ಎರಡನ್ನೂ ಆಳಿದವನು; ಶಿಗ್ಗಾವಿ ತಾಲೂಕಿನ ಬಂಕಾಪುರದ ೧೦೫೫ರ ಶಾಸನದಲ್ಲಿ ಅವನಿದ್ದಾನೆ. ಗೋವೆಯ ಕದಂಬ ಜಯಕೇಶಿ, ಹೊಯ್ಸಳರು, ಉಚ್ಚಂಗಿಯ ಪಾಂಡ್ಯರು ಅವನ ಕಡೆ. ಅಣ್ಣನಿಗೆ ಚೋಳ ಕುಲೋತ್ತುಂಗನ ಆಸರೆ. ೧೦೭೬ರಲ್ಲಿ ಅಣ್ಣ ಸೆರೆಯಾದ. ತಮ್ಮ ಶಕವರ್ಷವನ್ನೇ ಬದಿಗಿಟ್ಟು ತನ್ನ ಹೆಸರಿನ ವರ್ಷ ಶುರುಮಾಡಿದ!

ಅಣ್ಣ ಅಷ್ಟು ಕೆಟ್ಟವನಾ? ಹೌದು ಅನ್ನುತ್ತಾನೆ ಬಿಲ್ಹಣ, ತನ್ನ 'ವಿಕ್ರಮಾಂಕದೇವಚರಿತ'ದಲ್ಲಿ. ತಂದೆ ಯುವರಾಜ ಪಟ್ಟ ಕೊಡಲು ಬಂದರೂ ವಿಕ್ರಮ ಅಣ್ಣನಿಗೇ ಇರಲಿ ಅಂದನಂತೆ; ಕೊನೆಗೆ ಶಿವನೇ ಕನಸಿನಲ್ಲಿ ಬಂದು ಯುದ್ಧ ಮಾಡು ಎಂದನಂತೆ. ಬಿಲ್ಹಣ ಕಾಶ್ಮೀರದಿಂದ ಬಂದು ಇದೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾಗಿದ್ದವನು. ಸಂಬಳ ಕೊಡುವವರ ಬಗ್ಗೆ ಬರೆದದ್ದನ್ನು ನಾನಂತೂ ಅರ್ಧ ಮಾತ್ರ ನಂಬುತ್ತೇನೆ. ಸೋತವನ ಪರವಾಗಿ ಅಂಥದ್ದೊಂದು ಕಾವ್ಯ ನಮಗೆ ಉಳಿದಿಲ್ಲ.

ಹಾಗಂತ ವಿಕ್ರಮಾದಿತ್ಯನ ೫೦ ವರ್ಷಗಳನ್ನು ತಳ್ಳಿಹಾಕಲಾಗದು. ಅಣ್ಣತಮ್ಮಂದಿರು ಆಸ್ತಿ ಹೇಗೆ ಹಂಚಿಕೊಳ್ಳಬೇಕು ಎಂದು ಹೇಳುವ ವಿಜ್ಞಾನೇಶ್ವರನ 'ಮಿತಾಕ್ಷರ' ಬಂದದ್ದು ಅವನ ಕಲ್ಯಾಣದಲ್ಲೇ (ನಗು ಬರುತ್ತೆ ಅಲ್ವಾ?). ಅಷ್ಟರಲ್ಲಿ, ಜೊತೆಗಿದ್ದ ಕಿರಿತಮ್ಮ ಜಯಸಿಂಹ, ಬನವಾಸಿ ಆಳುತ್ತಿದ್ದವನು, ತಾನೂ ತಿರುಗಿಬಿದ್ದು ಸೋತಿದ್ದ.

ಅಣ್ಣನ ಬಿರುದು 'ಭುವನೈಕಮಲ್ಲ'. ಅವನಿಗೆ ದಕ್ಕಿದ್ದು ಎಂಟೇ ವರ್ಷ. ನಿಮ್ಮೂರ ಕಲ್ಲಿನಲ್ಲಿ ಆ ಹೆಸರು ಕಂಡರೆ ಒಂದು ಫೋಟೋ ತೆಗೆದಿಡಿ, ಸುಣ್ಣ ಬಳಿಯುವ ಮೊದಲು.